ಮೀಟರ್ ಮುಳ್ಳು ಬಿದ್ದಿದೆಯೇ? ಮೊದಲು ಕಿಲೋಮೀಟರ್ ಅಂಕಿ ನೋಡಿ

ಹಳೆಯ ಬೈಕಿನ ವೇಗ ತೋರಿಸುವ ಮೀಟರ್ ನಿಂತಿತೆಂದರೆ ಎಲ್ಲರ ಕೈಯೂ ಮೊದಲು ಕೇಬಲ್ಲಿಗೇ ಹೋಗುತ್ತದೆ. ನಾನೂ ಹಾಗೆಯೇ ಮಾಡಿದ್ದೆ. ನನ್ನ ಬೈಕಿನ ಮುಳ್ಳು ಮೂವತ್ತಕ್ಕೂ ಐವತ್ತಕ್ಕೂ ನಡುವೆ ಕುಣಿಯುತ್ತಿತ್ತು. ಒಂದು ಬೆಳಿಗ್ಗೆ ಸೊನ್ನೆಗೆ ಬಿದ್ದದ್ದು ಮತ್ತೆ ಏಳಲಿಲ್ಲ. ಬಿಚ್ಚಿ ನೋಡಿದರೆ ಕೇಬಲ್ ತುಂಡಾಗಿತ್ತು. ಹೊಸದು ಹಾಕಿದೆ, ಮೂರು ವಾರಕ್ಕೆ ಅದೂ ತುಂಡಾಯಿತು. ಇನ್ನೊಂದು ಹಾಕಿದೆ, ಅದರದ್ದೂ ಅದೇ ಗತಿ. ಮೂರನೆಯದನ್ನು ಹಾಕುವ ಮೊದಲು, ತುಂಡಾದ ಕೇಬಲ್ಲಿನ ಮೇಲ್ತುದಿಯನ್ನು ಮೀಟರಿನ ಅಡಿಯ ತೂತಿಗೆ ಸಿಕ್ಕಿಸಿ ಎರಡು ಬೆರಳಲ್ಲಿ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗಬೇಕಾದದ್ದು ಕಚ್ಚಿ ಕಚ್ಚಿ ತಿರುಗಿತು. ಮೀಟರಿನ ಕತ್ತಿನಲ್ಲಿರುವ ಬುಷ್, ಅಂದರೆ ಶಾಫ್ಟ್ ತಿರುಗುವ ಲೋಹದ ಪುಟ್ಟ ಕೊಳವೆ, ಒಣಗಿ ಶಾಫ್ಟನ್ನು ಹಿಡಿದುಕೊಂಡಿತ್ತು. ಕೇಬಲ್‌ಗಳನ್ನು ತಿಂದದ್ದು ಅದೇ.

ಅಂದಿನಿಂದ ಯಾರಾದರೂ ಮೀಟರ್ ಕೆಟ್ಟಿದೆ ಅಂದರೆ ನಾನು ಮೊದಲು ಕೇಳುವುದು ಒಂದೇ: ಕಿಲೋಮೀಟರ್ ಅಂಕಿ ಓಡುತ್ತಿದೆಯಾ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಹುಡುಕಾಟ ಮುಗಿದಂತೆ.

ಇಲ್ಲಿ ಹೇಳುತ್ತಿರುವುದೆಲ್ಲ ಕೇಬಲ್ಲಿನಿಂದ ನಡೆಯುವ ಮೀಟರಿನ ವಿಷಯ. ನಿಮ್ಮದು ಯಾವುದೆಂದು ತಿಳಿಯಲು ಮೀಟರಿನ ಅಡಿಗೆ ಕಣ್ಣು ಹಾಯಿಸಿ. ಕಪ್ಪು ಹೊದಿಕೆಯ ಕೇಬಲ್ ಒಂದು ದುಂಡು ನಟ್ಟಿನಲ್ಲಿ ಮೀಟರಿಗೆ ಸೇರಿ, ಇನ್ನೊಂದು ತುದಿಯಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬಿಗೆ ಇಳಿದಿದ್ದರೆ ಇದು ನಿಮಗಾಗಿ. ಕೆಲವು ಹಳೆಯ ಗಾಡಿಗಳಲ್ಲಿ ಅದು ಗೇರ್‌ಬಾಕ್ಸಿಗೋ ಹಿಂದಿನ ಚಕ್ರಕ್ಕೋ ಹೋಗಿರುತ್ತದೆ. ತತ್ವ ಒಂದೇ, ಬಿಚ್ಚುವ ಜಾಗ ಮಾತ್ರ ಬೇರೆ. ದುಂಡು ನಟ್ಟಿಲ್ಲದೆ ಬರೀ ತೆಳು ವೈರುಗಳೇ ಇದ್ದರೆ ಅದು ಸೆನ್ಸರ್ ಇರುವ ಮೀಟರ್, ಅದರ ದಾರಿಯೇ ಬೇರೆ.

ಒಳಗೆ ನಡೆಯುವುದೇನು

ಇದನ್ನು ಓದದೆ ಮುಂದೆ ಹೋಗಬೇಡಿ. ಮೀಟರ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ದೋಷ ಎಲ್ಲಿದೆ ಎಂದು ಕೂತಲ್ಲೇ ಊಹಿಸಬಹುದು.

ಚಕ್ರ ತಿರುಗಿದಾಗ ಹಬ್ಬಿನ ಪಕ್ಕದಲ್ಲಿರುವ ಸಣ್ಣ ಗೇರ್ ಜೋಡಿ ಕೇಬಲ್ಲಿನ ಒಳಗಿನ ತಂತಿಯನ್ನು ತಿರುಗಿಸುತ್ತದೆ. ತಂತಿ ಅಂದೆನಾದರೂ ಅದು ಒಂಟಿ ತಂತಿಯಲ್ಲ, ಸಣ್ಣ ಉಕ್ಕಿನ ಎಳೆಗಳನ್ನು ಒಂದರ ಮೇಲೊಂದು ವಿರುದ್ಧ ದಿಕ್ಕಿಗೆ ಸುತ್ತಿ ಮಾಡಿದ ಬಳುಕುವ ಶಾಫ್ಟ್. ಅದು ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೆ ಅಂಟಿಯೂ ಅಂಟದಂತೆ ಒಂದು ತೆಳುವಾದ ಅಲ್ಯುಮಿನಿಯಂ ಬಟ್ಟಲು ಕೂತಿರುತ್ತದೆ. ಎರಡರ ನಡುವೆ ಇರುವುದು ಬರೀ ಗಾಳಿ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ, ಬಟ್ಟಲನ್ನೂ ಅದರ ಜೊತೆ ತಿರುಗುವಂತೆ ಎಳೆಯುತ್ತವೆ. ಆದರೆ ಕೂದಲಿನಷ್ಟು ತೆಳುವಾದ ಒಂದು ಸುರುಳಿ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆ ಹಿಡಿದಿರುತ್ತದೆ. ಎಳೆತವೂ ಸ್ಪ್ರಿಂಗೂ ಸಮವಾದ ಕಡೆ ಬಟ್ಟಲಿಗೆ ಜೋಡಿಸಿದ ಮುಳ್ಳು ನಿಲ್ಲುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಈ ಉಪಾಯ ಮುಂದೆ ಹಲವು ದಶಕಗಳ ಕಾಲ ಹೆಚ್ಚುಕಡಿಮೆ ಬದಲಾಗದೆ ನಡೆಯಿತು.

ಕಿಲೋಮೀಟರ್ ಅಂಕಿಯ ಕಥೆ ಬೇರೆ. ಅಯಸ್ಕಾಂತದ ಶಾಫ್ಟಿನಲ್ಲೇ ಸ್ಕ್ರೂವಿನಂತೆ ಕೊರೆದ ಸುರುಳಿ ಹಲ್ಲಿಗೆ (ವರ್ಮ್) ಪುಟ್ಟ ಗೇರುಗಳು ಕಚ್ಚಿಕೊಂಡು ಅಂಕಿಯ ಗಾಲಿಗಳನ್ನು ತಿರುಗಿಸುತ್ತವೆ. ಇಲ್ಲಿ ಗಾಳಿಯಿಲ್ಲ, ಸ್ಪ್ರಿಂಗ್ ಇಲ್ಲ, ಹಲ್ಲಿಗೆ ಹಲ್ಲು. ಕೇಬಲ್ ತಿರುಗಿದರೆ ಅಂಕಿ ತಿರುಗಲೇಬೇಕು.

ಹಾಗಾಗಿ ಕೇಬಲ್ ಹೊತ್ತು ತರುವುದು ಒಂದೇ ಸುದ್ದಿಯಾದರೂ ಅದನ್ನು ಹೇಳುವ ಸಾಕ್ಷಿಗಳು ಎರಡು. ಅಂಕಿ ಸುಳ್ಳು ಹೇಳುವುದು ಕಡಿಮೆ, ಮುಳ್ಳು ಬೇಗ ದಾರಿ ತಪ್ಪುತ್ತದೆ.

ಎರಡು ಸಾಕ್ಷಿಗಳನ್ನೂ ಕೇಳಿ

ಅಂಕಿಯ ಗಾಲಿ ಎಲ್ಲಿದೆ ಎಂದು ಬರೆದಿಟ್ಟುಕೊಂಡು ಎರಡು ಕಿಲೋಮೀಟರ್ ಓಡಿಸಿ ಬನ್ನಿ. ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಕೊನೆಯ ಗಾಲಿ ಎಷ್ಟು ಸರಿದಿದೆ ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ.

ಮುಳ್ಳೂ ಇಲ್ಲ, ಅಂಕಿಯೂ ಇಲ್ಲ ಅಂದರೆ ಮೀಟರಿಗೆ ಸುದ್ದಿಯೇ ಮುಟ್ಟುತ್ತಿಲ್ಲ. ಕೇಬಲ್ ತುಂಡಾಗಿದೆ, ಕಳಚಿದೆ, ಇಲ್ಲವೇ ಚಕ್ರದ ಬಳಿಯ ಗೇರ್ ಸವೆದಿದೆ. ಮೀಟರನ್ನು ಬಿಚ್ಚುವ ಅಗತ್ಯವೇ ಇಲ್ಲ.

ಅಂಕಿ ಓಡುತ್ತಿದೆ, ಮುಳ್ಳು ಮಲಗಿದೆ ಅಂದರೆ ಕೇಬಲ್, ಗೇರ್ ಎರಡೂ ಚೆನ್ನಾಗಿವೆ. ದೋಷ ಮೀಟರಿನ ಒಳಗಿದೆ. ಮುಳ್ಳು ಬಟ್ಟಲಿನ ಕಡ್ಡಿಯಿಂದ ಸಡಿಲವಾಗಿರಬಹುದು, ಡಯಲ್ಲಿಗೆ ತಗುಲಿಕೊಂಡಿರಬಹುದು, ಸ್ಪ್ರಿಂಗ್ ಸಿಕ್ಕಾಗಿರಬಹುದು. ಈ ಸ್ಥಿತಿಯಲ್ಲಿ ಕೇಬಲ್ ಬದಲಾಯಿಸಿದರೆ ದುಡ್ಡು ದಂಡ.

ಮುಳ್ಳು ಸರಿಯಾಗಿದೆ, ಅಂಕಿ ಮಾತ್ರ ನಿಂತಿದೆ ಅಂದರೆ ಅಂಕಿಯ ಪುಟ್ಟ ಪ್ಲಾಸ್ಟಿಕ್ ಗೇರುಗಳಲ್ಲಿ ಒಂದು ಬಿರುಕು ಬಿಟ್ಟು ತನ್ನ ಶಾಫ್ಟಿನ ಮೇಲೆ ಜಾರುತ್ತಿದೆ, ಅಥವಾ ಹಲ್ಲು ಹೋಗಿದೆ. ಟ್ರಿಪ್ ಮೀಟರ್ (ಒಂದು ಪ್ರಯಾಣದ ದೂರ ಅಳೆಯಲು ಸೊನ್ನೆ ಮಾಡಬಲ್ಲ ಅಂಕಿ) ಇರುವ ಗಾಡಿಗಳಲ್ಲಿ ಓಡುತ್ತಿರುವಾಗಲೇ ಗುಬುಟು ತಿರುಗಿಸಿ ಸೊನ್ನೆ ಮಾಡುವ ಅಭ್ಯಾಸ ಈ ಗೇರುಗಳಿಗೆ ದೊಡ್ಡ ಶತ್ರು. ನಿಲ್ಲಿಸಿಯೇ ಸೊನ್ನೆ ಮಾಡಿ.

ಮುಳ್ಳು ಕುಣಿಯುತ್ತಿದ್ದರೆ ಮುಕ್ಕಾಲು ಪಾಲು ಅನುಮಾನ ಕೇಬಲ್ಲಿನ ಮೇಲೆ. ಒಳತಂತಿ ಒಣಗಿದೆ, ಎಲ್ಲೋ ಮಡಚಿದೆ, ಅಥವಾ ಅದರ ಚೌಕ ತುದಿ ಸವೆದು ದುಂಡಗಾಗಿದೆ. ತಂತಿ ಒಂದು ಕಡೆ ಹಿಡಿದು, ತಿರುಚಿಕೊಂಡು, ಮತ್ತೆ ಪಟ್ಟನೆ ಬಿಡುತ್ತದೆ. ಅಯಸ್ಕಾಂತ ಒಮ್ಮೆ ನಿಧಾನ ಒಮ್ಮೆ ಜೋರಾಗಿ ತಿರುಗುತ್ತದೆ, ಮುಳ್ಳು ಅದನ್ನೇ ತೋರಿಸುತ್ತದೆ. ನಿಧಾನ ವೇಗದಲ್ಲಿ ಕುಣಿತ ಹೆಚ್ಚು, ವೇಗ ಏರಿದಂತೆ ಕಡಿಮೆಯಾಗುತ್ತದೆ ಎಂದಾದರೆ ಕೇಬಲ್ಲೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹ್ಯಾಂಡಲ್ ಒಂದು ಬದಿಗೆ ತಿರುಗಿಸಿದಾಗ ಮಾತ್ರ ಕುಣಿದರೆ ಕೇಬಲ್ ಹಾದು ಬಂದಿರುವ ದಾರಿಯಲ್ಲಿ ತಪ್ಪಿದೆ.

ಇಲ್ಲೊಂದು ಮಾತು ಸೇರಿಸಬೇಕು. ಬಹಳ ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಸ್ಮಿತ್ಸ್ ಕಂಪನಿಯ ಕ್ರೋನೋಮೆಟ್ರಿಕ್ ಮೀಟರ್ ಇರುತ್ತಿತ್ತು. ಅದರಲ್ಲಿ ಅಯಸ್ಕಾಂತವಿಲ್ಲ, ಗಡಿಯಾರದಂಥ ಯಂತ್ರ ಒಂದು ಗೊತ್ತಾದ ಅವಧಿಯಲ್ಲಿ ಕೇಬಲ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಮುಳ್ಳನ್ನು ಸರಿಸುತ್ತದೆ. ಆ ಮುಳ್ಳು ಮೆಟ್ಟಿಲು ಹತ್ತಿದಂತೆ ಟಕ್ ಟಕ್ ಎಂದು ಸರಿಯುವುದು ಅದರ ಸಹಜ ನಡೆ. ಅದನ್ನು ರಿಪೇರಿ ಮಾಡಲು ಹೋಗಿ ಹಾಳು ಮಾಡಬೇಡಿ.

ಗಾಡಿ ನಿಂತರೂ ಮುಳ್ಳು ಸೊನ್ನೆಗೆ ಬರದಿದ್ದರೆ, ಅಥವಾ ಹೊರಟ ತಕ್ಷಣ ಎಂಬತ್ತಕ್ಕೋ ನೂರಕ್ಕೋ ಹಾರಿ ಅಲ್ಲೇ ನಿಂತರೆ, ಮೀಟರಿನೊಳಗೆ ಗ್ರೀಸ್ ಹತ್ತಿದೆ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಗಾಳಿ ಇರಬೇಕಾದ ಕಡೆ ಜಿಡ್ಡು ಬಂದರೆ, ಬಟ್ಟಲು ಎಳೆತಕ್ಕೆ ಕಾಯದೆ ಅಂಟಿಕೊಂಡೇ ತಿರುಗುತ್ತದೆ. ಇದು ಬಹುತೇಕ ಯಾರೋ ಅಕ್ಕರೆಯಿಂದ ಕೇಬಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಗ್ರೀಸ್ ತುಂಬಿದ್ದರ ಫಲ.

ಕೀಚ್ ಕೀಚ್ ಎಂಬ ಸದ್ದು, ಅದರಲ್ಲೂ ಚಳಿಯ ಬೆಳಿಗ್ಗೆ, ಬಂದರೆ ಮೀಟರಿನ ಕತ್ತಿನ ಬುಷ್ ಒಣಗುತ್ತಿದೆ. ಇದನ್ನು ಕೇಳಿಸಿಕೊಂಡೂ ಸುಮ್ಮನಿದ್ದರೆ ಮುಂದಿನ ಸುದ್ದಿ ಕೇಬಲ್ ತುಂಡಾದದ್ದೇ.

ಕೇಬಲ್

ಎರಡೂ ಸಾಕ್ಷಿಗಳು ಸುಮ್ಮನಿದ್ದಾವೆ ಎಂದಿಟ್ಟುಕೊಳ್ಳಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಗಾಡಿ ಅಲುಗಾಡದಂತೆ ನಿಂತಿದೆಯೇ ಎಂದು ಒಮ್ಮೆ ತಳ್ಳಿ ನೋಡಿಕೊಳ್ಳಿ.

ಮೀಟರಿನ ಅಡಿಯ ದುಂಡು ನಟ್ಟನ್ನು ಬಿಚ್ಚಿ. ಬೆರಳಿಗೆ ಬರದಿದ್ದರೆ ಬಟ್ಟೆ ಸುತ್ತಿ ಪ್ಲೈಯರಿನಲ್ಲಿ ಮೆಲ್ಲಗೆ ತಿರುಗಿಸಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಬಲ ಹಾಕಿದರೆ ಮೀಟರಿನ ಕತ್ತಿನ ಥ್ರೆಡ್ಡೇ ಹೋಗುತ್ತದೆ, ಅದು ಮೃದು ಲೋಹ. ಕೇಬಲ್ ಕೆಳಗಿಳಿಸಿ, ಇಣುಕುವ ಒಳತಂತಿಯ ತುದಿಯನ್ನು ನೋಡುತ್ತಾ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ.

ತುದಿ ತಿರುಗಿತೇ? ಅಷ್ಟಕ್ಕೇ ಕೇಬಲ್ ಸರಿ ಎಂದು ತೀರ್ಪು ಕೊಡಬೇಡಿ. ತುದಿಯನ್ನು ಬಟ್ಟೆಯ ತುಂಡಿನಲ್ಲಿ ಹಗುರವಾಗಿ ಹಿಡಿದು ಇನ್ನೊಮ್ಮೆ ಚಕ್ರ ತಿರುಗಿಸಿ. ಬೆರಳಿನಿಂದ ಬಿಡಿಸಿಕೊಂಡು ತಿರುಗಬೇಕು. ಬೆರಳು ಹಿಡಿದಷ್ಟಕ್ಕೇ ನಿಂತರೆ ಕೆಳಗೆಲ್ಲೋ ಜಾರುತ್ತಿದೆ: ಗೇರಿನ ಹಲ್ಲು ಸವೆದಿರಬಹುದು, ಚೌಕ ತುದಿ ದುಂಡಗಾಗಿರಬಹುದು. ಹೊರೆ ಇಲ್ಲದಾಗ ಚೆನ್ನಾಗಿ ತಿರುಗಿ, ಮೀಟರ್ ಜೋಡಿಸಿದ ಕೂಡಲೇ ನಿಲ್ಲುವ ಗಾಡಿಗಳನ್ನು ಕಂಡುಹಿಡಿಯಲು ಈ ಬೆರಳಿನ ಪರೀಕ್ಷೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ತುದಿ ತಿರುಗಲೇ ಇಲ್ಲವಾದರೆ ಹಬ್ಬಿನ ಕಡೆಯ ತುದಿಯನ್ನೂ ಬಿಚ್ಚಿ. ಕೆಲವು ಗಾಡಿಯಲ್ಲಿ ಅಲ್ಲಿಯೂ ದುಂಡು ನಟ್, ಕೆಲವದರಲ್ಲಿ ಸಣ್ಣ ಸ್ಕ್ರೂ ಅಥವಾ ಕ್ಲಿಪ್. ಒಳತಂತಿಯನ್ನು ಪೂರ್ತಿ ಹೊರಗೆಳೆಯಿರಿ. ಕೆಲವು ಕೇಬಲ್ಲುಗಳಲ್ಲಿ ಒಳತಂತಿ ಒಂದೇ ತುದಿಯಿಂದ ಹೊರಬರುತ್ತದೆ, ಬರದಿದ್ದರೆ ಎಳೆದಾಡದೆ ಇನ್ನೊಂದು ತುದಿಯಿಂದ ನೋಡಿ.

ತುಂಡಾಗಿದ್ದರೆ ತುಂಡಾದ ಜಾಗವನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಎಳೆಗಳು ಬಿಚ್ಚಿಕೊಂಡು ಹೂವಿನ ಹಾಗೆ ಅರಳಿದ್ದರೆ ತಂತಿಯನ್ನು ಯಾರೋ ಹಿಡಿದು ತಿರುಚಿದ್ದಾರೆ, ಅಂದರೆ ಒಂದು ತುದಿ ತಿರುಗುತ್ತಿತ್ತು, ಇನ್ನೊಂದು ನಿಂತಿತ್ತು. ಮೇಲೆ ಮೀಟರ್ ಬಿಗಿಯಾಗಿದೆಯೇ, ಕೆಳಗೆ ಗೇರ್ ಬಿಗಿಯಾಗಿದೆಯೇ ಎಂದು ನೋಡದೆ ಹೊಸದು ಹಾಕಬೇಡಿ. ತುಂಡಾದ ಜಾಗ ಹೊಳೆಯುವಷ್ಟು ಸವೆದು ತೆಳ್ಳಗಾಗಿದ್ದರೆ, ಆ ಜಾಗದಲ್ಲಿ ಹೊದಿಕೆ ಕಡಿದಾಗಿ ಬಾಗಿತ್ತು ಎಂದರ್ಥ. ತುಕ್ಕಿನ ಕೆಂಪು ಪುಡಿ ಉದುರಿದರೆ ನೀರು ಒಳಗೆ ಹೋಗಿದೆ.

ತುಂಡಾಗದಿದ್ದರೂ ಪರೀಕ್ಷೆ ಮುಗಿದಿಲ್ಲ. ಒಳತಂತಿಯನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ಅಂಗೈಯಡಿ ಉರುಳಿಸಿ. ನೆಟ್ಟಗಿದ್ದರೆ ಮೆತ್ತಗೆ ಉರುಳುತ್ತದೆ. ಎಲ್ಲಾದರೂ ಮಡಚಿದ್ದರೆ ಆ ಜಾಗ ಮೇಜಿನಿಂದ ಕುಪ್ಪಳಿಸುತ್ತದೆ. ಕುಪ್ಪಳಿಸುವ ತಂತಿಯನ್ನು ನೆಟ್ಟಗೆ ಮಾಡಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಮುಳ್ಳು ಮತ್ತೆ ಕುಣಿಯುತ್ತದೆ. ಬಟ್ಟೆಯಲ್ಲಿ ಒರೆಸುವಾಗ ಎಳೆ ಸಿಕ್ಕಿ ಬಟ್ಟೆಯ ನೂಲು ಕಿತ್ತುಬಂದರೂ ತಂತಿಯ ಆಯುಸ್ಸು ಮುಗಿದಿದೆ.

ತುದಿಯ ಚೌಕವನ್ನು ಬೆರಳಲ್ಲಿ ಮುಟ್ಟಿ ನೋಡಿ, ನಾಲ್ಕೂ ಅಂಚು ಚುಚ್ಚುವಂತೆ ಸಿಗಬೇಕು. ಮೇಲ್ತುದಿ ಹೊದಿಕೆಯಿಂದ ಸುಮಾರು 10 ಮಿ.ಮೀ. ಹೊರಗೆ ಚಾಚಿರಬೇಕು. ಇದಕ್ಕಿಂತ ತೀರ ಕಡಿಮೆ ಇದ್ದರೆ ಮೀಟರಿನ ಚೌಕ ತೂತಿಗೆ ಅರ್ಧ ಮಾತ್ರ ಹೋಗಿ ಬೇಗ ಸವೆಯುತ್ತದೆ. ತೀರ ಹೆಚ್ಚಿದ್ದರೆ ನಟ್ ಬಿಗಿಸಿದಾಗ ಮೀಟರಿನ ಶಾಫ್ಟನ್ನು ಒಳಕ್ಕೆ ಒತ್ತುತ್ತದೆ. ಹೊಸ ಕೇಬಲ್ ತರುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಉದ್ದ, ಎರಡೂ ತುದಿಯ ಆಕಾರ, ನಟ್ಟಿನ ಅಳತೆ ಎಲ್ಲವನ್ನೂ ಹೋಲಿಸಿ. ನೋಡಲು ಒಂದೇ ಥರ ಕಾಣುವ ಕೇಬಲ್ಲುಗಳ ಕೆಳತುದಿ ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಸೀಳು ಇರುತ್ತದೆ.

ಗ್ರೀಸಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಒಳತಂತಿಯನ್ನೂ ಹೊದಿಕೆಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಬೆರಳಿನ ತುದಿಗೆ ಚೂರು ತೆಳು ಗ್ರೀಸ್ ತೆಗೆದುಕೊಂಡು ತಂತಿಯ ಕೆಳಭಾಗದಿಂದ ಮೇಲಕ್ಕೆ ಸವರಿಕೊಂಡು ಬನ್ನಿ. ಮೇಲ್ತುದಿಯ ಕೊನೆಯ 15 ಸೆಂ.ಮೀ. ಬಂದಾಗ ನಿಲ್ಲಿಸಿ, ಆ ಭಾಗ ಒಣಗಿಯೇ ಇರಲಿ. ಸುತ್ತಿದ ಎಳೆಗಳು ತಿರುಗುವಾಗ ಸ್ಕ್ರೂ ಹಾಗೆ ಗ್ರೀಸನ್ನು ಮೇಲಕ್ಕೆ ತಳ್ಳುತ್ತವೆ, ತಾನಾಗಿಯೇ ಸಾಕಷ್ಟು ಅಲ್ಲಿಗೆ ಹೋಗುತ್ತದೆ. ಅಲ್ಲೂ ಸವರಿದರೆ ಅದು ಹೋಗಿ ಸೇರುವುದು ಮೀಟರಿನೊಳಗೆ. ಸವರಿದ ತಂತಿಯನ್ನು ನೋಡಿದರೆ ಹೊಳಪು ಕಾಣಬೇಕು, ಮುದ್ದೆ ಕಾಣಬಾರದು.

ಚಕ್ರದ ಬಳಿಯ ಗೇರ್

ಕೇಬಲ್ ಒಳ್ಳೆಯದಿದ್ದೂ ತಿರುಗುತ್ತಿಲ್ಲ ಎಂದಾದರೆ ಮುಂದಿನ ಚಕ್ರ ಇಳಿಸಬೇಕು. ಡ್ರಮ್ ಬ್ರೇಕ್ ಇರುವ ಬಹಳಷ್ಟು ಹಳೆಯ ಗಾಡಿಗಳಲ್ಲಿ ಮೀಟರ್ ಗೇರ್ ಬ್ರೇಕ್ ಪ್ಲೇಟಿನಲ್ಲೇ ಇರುತ್ತದೆ. ಡಿಸ್ಕ್ ಇರುವವುಗಳಲ್ಲಿ ಸಾಮಾನ್ಯವಾಗಿ ಹಬ್ಬಿಗೂ ಫೋರ್ಕಿಗೂ ನಡುವೆ ಬೇರೆಯೇ ಡಬ್ಬಿಯಾಗಿ ಇರುತ್ತದೆ. ಎರಡರಲ್ಲೂ ಗೇರಿನ ಎರಡು ಸಣ್ಣ ಕಿವಿಗಳು ಹಬ್ಬಿನ ಕಚ್ಚುಗಳಿಗೆ ಇಳಿದಿರುತ್ತವೆ, ಹಬ್ ತಿರುಗಿದಾಗ ಗೇರೂ ತಿರುಗುತ್ತದೆ.

ಬಿಚ್ಚುವ ಮೊದಲೇ, ಗೇರಿನ ಡಬ್ಬಿ ಫೋರ್ಕಿನ ಕಾಲಿಗೆ ಹೇಗೆ ಆನಿಕೊಂಡಿದೆ, ವಾಷರುಗಳು ಯಾವ ಕ್ರಮದಲ್ಲಿವೆ ಎಂದು ಫೋಟೋ ತೆಗೆದುಕೊಳ್ಳಿ. ಡ್ರಮ್ಮಿನ ಒಳಗೆ ಕೂತ ಕಪ್ಪು ಧೂಳನ್ನು ಗಾಳಿಯಲ್ಲಿ ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಈಗ ಗೇರನ್ನು ಬೆರಳಲ್ಲಿ ತಿರುಗಿಸಿ, ಕೇಬಲ್ ಕೂರುವ ತೂತಿನೊಳಗೆ ಪಿನಿಯನ್ (ಜೋಡಿಯ ಸಣ್ಣ ಗೇರ್) ತಿರುಗುತ್ತದೆಯೇ ನೋಡಿ. ದೊಡ್ಡ ಗೇರ್ ಪ್ಲಾಸ್ಟಿಕ್ಕಿನದಾಗಿದ್ದರೆ ಹಲ್ಲುಗಳು ಒಂದು ಕಡೆ ಮಾತ್ರ ನಯವಾಗಿ ತೊಳೆದುಹೋಗಿರುವುದು ಸಾಮಾನ್ಯ. ಒಂದು ಸುತ್ತು ಪೂರ್ತಿ ತಿರುಗಿಸಿ ಎಲ್ಲ ಹಲ್ಲನ್ನೂ ನೋಡಿ. ಹಳೆಯ ಗ್ರೀಸ್ ಒಣಗಿ ಮೇಣದಂತಾಗಿದ್ದರೆ ಅದನ್ನೆಲ್ಲ ಕೆರೆದು ತೊಳೆಯಿರಿ, ಕೇಬಲ್ಲುಗಳನ್ನು ತುಂಡು ಮಾಡುವ ಬಿಗಿ ಎಷ್ಟೋ ಸಲ ಇದೇ. ಕಿವಿಗಳು ಬಾಗಿವೆಯೇ, ಮುರಿದಿವೆಯೇ ನೋಡಿ. ಹಲ್ಲು ಸವೆದಿದ್ದರೆ ಗೇರ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಿ.

ಹೊಸ ಗ್ರೀಸ್ ಹಾಕುವಾಗ ಇಲ್ಲೂ ಹಲ್ಲಿಗೆ ಹತ್ತುವಷ್ಟು ಮಾತ್ರ, ಅದೂ ಬಿಸಿ ತಡೆಯುವ ಗ್ರೀಸ್. ಬ್ರೇಕ್ ಶೂ ಒಂದೆರಡು ಅಂಗುಲ ದೂರದಲ್ಲೇ ಇದೆ. ಹೆಚ್ಚಾದ ಗ್ರೀಸ್ ಡ್ರಮ್ ಬಿಸಿಯಾದಾಗ ಕರಗಿ ಶೂಗೆ ಹರಿದರೆ ಮುಂದಿನ ಬ್ರೇಕ್ ಹೋಗುತ್ತದೆ. ಮೀಟರ್ ಕೆಟ್ಟ ಗಾಡಿಯಲ್ಲಿ ಮನೆ ಸೇರಬಹುದು, ಬ್ರೇಕ್ ಕೆಟ್ಟ ಗಾಡಿಯಲ್ಲಿ ಆಗದು. ಡ್ರಮ್ಮಿನ ಒಳಮೈ ಮತ್ತು ಶೂಗಳನ್ನು ಕೈಯಿಂದ ಮುಟ್ಟಲೂಬೇಡಿ.

ಮತ್ತೆ ಕೂರಿಸುವಾಗ ಬಹಳ ಜನ ಎಡವುವುದು ಒಂದೇ ಕಡೆ: ಹಬ್ಬಿನ ಕಚ್ಚುಗಳಿಗೆ ಕಿವಿಗಳು ಪೂರ್ತಿ ಇಳಿಯುವ ಮೊದಲೇ ಆ್ಯಕ್ಸೆಲ್ ನಟ್ ಬಿಗಿಸುತ್ತಾರೆ. ಕಿವಿಗಳು ಕಚ್ಚಿನ ಅಂಚಿನ ಮೇಲೆ ಕೂತು, ನಟ್ ಬಿಗಿದಂತೆ ಜಜ್ಜಿಹೋಗುತ್ತವೆ. ಹೊಸ ಗೇರ್ ಒಂದು ಕಿಲೋಮೀಟರ್ ಓಡುವ ಮೊದಲೇ ಮುಗಿಯುತ್ತದೆ. ಪ್ಲೇಟನ್ನು ಕೈಯಲ್ಲಿ ಆಚೀಚೆ ತಿರುಗಿಸುತ್ತಾ ಹೋಗಿ, ಕಿವಿಗಳಿಗೆ ಜಾಗ ಸಿಕ್ಕಾಗ ಅದು ಟಪ್ ಎಂದು ಒಳಗಿಳಿಯುವುದು ಕೈಗೇ ತಿಳಿಯುತ್ತದೆ. ಆಮೇಲೆ ಫೋರ್ಕಿಗೆ ಆನಿಸುವ ಗೂಟ ಅದರ ಜಾಗದಲ್ಲಿದೆಯೇ ನೋಡಿ, ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡಿ, ಕೊನೆಗೆ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಗೆ ನಟ್ ಬಿಗಿಸಿ. ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಿ.

ಮೀಟರ್

ಮೀಟರನ್ನು ಅನುಮಾನಿಸುವ ಮುನ್ನ ಅದನ್ನೊಂದೇ ಪರೀಕ್ಷಿಸಬಹುದು. ಕೇಬಲ್ಲಿನ ಮೇಲ್ತುದಿ ಮೀಟರಿಗೆ ಇರಲಿ, ಕೆಳತುದಿಯನ್ನು ಹಬ್ಬಿನಿಂದ ಬಿಚ್ಚಿ ಒಳತಂತಿಯನ್ನು ಮೊದಲು ಬೆರಳಲ್ಲಿ ತಿರುಗಿಸಿ. ಒಂದು ದಿಕ್ಕಿಗೆ ಮುಳ್ಳು ಅಲುಗುತ್ತದೆ, ಇನ್ನೊಂದು ದಿಕ್ಕಿಗೆ ಸೊನ್ನೆಯ ಕಡ್ಡಿಗೆ ಒರಗುತ್ತದೆ. ಅಲುಗಿದ್ದೇ ಸರಿಯಾದ ದಿಕ್ಕು. ಅದೇ ದಿಕ್ಕಿಗೆ ಡ್ರಿಲ್ಲಿಂಗ್ ಮಷೀನಿನಲ್ಲಿ ತುದಿ ಹಿಡಿದು ನಿಧಾನವಾಗಿ ತಿರುಗಿಸಿ. ಮುಳ್ಳು ಮೆತ್ತಗೆ ಏರಿ ನಿಂತರೆ ಮೀಟರೂ ಕೇಬಲ್ಲೂ ಚೆನ್ನಾಗಿವೆ, ತಪ್ಪು ಚಕ್ರದ ಬಳಿ ಇದೆ.

ಡಯಲ್ಲಿನ ಕೆಳಗಡೆ 1:1400 ಎಂದೋ 1400 ಎಂದೋ ಸಣ್ಣದಾಗಿ ಬರೆದಿರುವುದನ್ನು ಜಪಾನಿ ಮಾದರಿಯ ಎಷ್ಟೋ ಮೀಟರುಗಳಲ್ಲಿ ಕಾಣಬಹುದು. ಒಂದು ಕಿಲೋಮೀಟರಿಗೆ ಕೇಬಲ್ 1400 ಸುತ್ತು ತಿರುಗಬೇಕು ಎಂದು ಅದರ ಅರ್ಥ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಹಾಗಾಗಿ ನಿಮಿಷಕ್ಕೆ 1400 ಸುತ್ತಿಗೆ ಮುಳ್ಳು 60ರ ಮೇಲಿರಬೇಕು. ಮೈಲಿ ತೋರಿಸುವ ಹಳೆಯ ಬ್ರಿಟಿಷ್ ಮೀಟರುಗಳಲ್ಲಿ 1600 ಎಂಬ ಅಂಕಿ ಇದ್ದರೆ ಅದು ಮೈಲಿಗೆ 1600 ಸುತ್ತು. ಡ್ರಿಲ್ಲಿನ ವೇಗ ಗೊತ್ತಿದ್ದರೆ ಮನೆಯಲ್ಲೇ ಮೀಟರನ್ನು ಅಳೆದು ನೋಡಬಹುದು.

ಬುಷ್ ಒಣಗಿದ್ದರೆ ಮೀಟರ್ ಬಿಚ್ಚಿ ತಲೆಕೆಳಗು ಮಾಡಿ, ಕೇಬಲ್ ಕೂರುವ ಕತ್ತಿನ ಒಳಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಹೆಚ್ಚೆಂದರೆ ಎರಡು ಹನಿ ಬಿಡಿ. ಚೌಕ ತುಂಡನ್ನು ಸಿಕ್ಕಿಸಿ ಬೆರಳಲ್ಲಿ ತಿರುಗಿಸುತ್ತಾ ಇರಿ. ಮೊದಲು ಕಚ್ಚುತ್ತಿದ್ದದ್ದು ನಾಲ್ಕೈದು ನಿಮಿಷದಲ್ಲಿ ಸಡಿಲವಾಗುತ್ತದೆ. ರಾತ್ರಿಯೆಲ್ಲ ಹಾಗೆಯೇ ತಲೆಕೆಳಗಾಗಿಟ್ಟು, ಬೆಳಿಗ್ಗೆ ಹೆಚ್ಚಾದ ಎಣ್ಣೆಯನ್ನು ಒರೆಸಿ. ನನ್ನ ಬೈಕಿನ ಮೀಟರ್ ಇಷ್ಟಕ್ಕೇ ಬದುಕಿತು, ಆಮೇಲೆ ಹಾಕಿದ ಕೇಬಲ್ ಇನ್ನೂ ಅದೇ ಇದೆ.

ಗಾಜಿನ ಒಳಗೆ ಹಬೆ ಕಟ್ಟುತ್ತಿದ್ದರೆ ಅಡಿಯಲ್ಲಿರುವ ಸಣ್ಣ ನೀರಿಳಿಯುವ ತೂತು ಮಣ್ಣಿನಿಂದ ಮುಚ್ಚಿದೆಯೇ, ಕೇಬಲ್ ನಟ್ಟಿನ ಮೇಲಿನ ರಬ್ಬರ್ ಟೋಪಿ ಹರಿದಿದೆಯೇ ನೋಡಿ.

ಇದಕ್ಕಿಂತ ಒಳಗೆ ಹೋಗುವುದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಬಹಳಷ್ಟು ಮೀಟರುಗಳ ಸುತ್ತಿನ ಬಳೆಯನ್ನು ಕಾರ್ಖಾನೆಯಲ್ಲಿ ಮಡಚಿ ಮುಚ್ಚಿರುತ್ತಾರೆ. ಅದನ್ನು ಎಬ್ಬಿಸುವಾಗ ಗಾಜು ಒಡೆಯಬಹುದು, ಮುಳ್ಳು ಕೀಳುವಾಗ ಕಡ್ಡಿ ಬಾಗಬಹುದು. ಸುರುಳಿ ಸ್ಪ್ರಿಂಗಿಗೆ ಉಗುರು ತಾಗಿದರೂ ಸಾಕು, ಮೀಟರ್ ಮತ್ತೆಂದೂ ಸರಿಯಾದ ವೇಗ ತೋರಿಸುವುದಿಲ್ಲ. ಮೀಟರ್ ರಿಪೇರಿಯನ್ನೇ ಕಸುಬಾಗಿ ಮಾಡುವವರ ಕೈಗೆ ಕೊಡಿ. 1960ಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯುವ ಅಂಕಿಗಳ ಡಯಲ್ ಇದ್ದರೆ ಖಂಡಿತ ತೆರೆಯಬೇಡಿ. ಆ ಕಾಲದ ಹೊಳೆಯುವ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು, ಹೊಳಪು ಆರಿದರೂ ರೇಡಿಯಂ ಉಳಿದಿರುತ್ತದೆ.

ಮೀಟರನ್ನೇ ಬದಲಾಯಿಸಬೇಕಾಗಿ ಬಂದರೆ ಹಳೆಯದರ ಕಿಲೋಮೀಟರ್ ಅಂಕಿಯನ್ನು, ಬದಲಾಯಿಸಿದ ದಿನಾಂಕದೊಂದಿಗೆ, ಗಾಡಿಯ ಕಾಗದಗಳ ಜೊತೆ ಬರೆದಿಡಿ. ನಾಳೆ ಗಾಡಿ ಕೊಳ್ಳುವವರಿಗೆ ಅದು ಸಲ್ಲಬೇಕಾದ ಸತ್ಯ.

ಓಡುತ್ತದೆ, ಆದರೆ ತಪ್ಪು ತೋರಿಸುತ್ತದೆ

ಇಲ್ಲಿಯೂ ಎರಡು ಸಾಕ್ಷಿಗಳೇ ಗತಿ. ಕಿಲೋಮೀಟರ್ ಕಲ್ಲುಗಳಿರುವ ನೇರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಅಂಕಿ ಎಷ್ಟು ಸರಿಯಿತೆಂದು ನೋಡಿ. ಆಮೇಲೆ ಜಿಪಿಎಸ್ ಜೊತೆ ಮುಳ್ಳನ್ನು ಹೋಲಿಸಿ. ವೇಗ ಏರಿಳಿಯುವಾಗ ಜಿಪಿಎಸ್ ಹಿಂದೆ ಬೀಳುತ್ತದೆ, ಹಾಗಾಗಿ ಒಂದೇ ವೇಗದಲ್ಲಿ ಅರ್ಧ ನಿಮಿಷವಾದರೂ ಓಡಿಸಿ. ಫೋನನ್ನು ಓಡಿಸುವವರು ನೋಡುವುದು ಬೇಡ, ಹಿಂದೆ ಕೂತವರು ಓದಲಿ. ಜಿಪಿಎಸ್ ಇಲ್ಲದಿದ್ದರೆ ಗಡಿಯಾರ ಸಾಕು. ಕಲ್ಲಿನಿಂದ ಕಲ್ಲಿಗೆ 90 ಸೆಕೆಂಡ್ ಹಿಡಿದರೆ ವೇಗ 40, 60 ಸೆಕೆಂಡ್ ಹಿಡಿದರೆ 60.

ಅಂಕಿ ಸರಿಯಾಗಿದ್ದು ಮುಳ್ಳು ಮಾತ್ರ ತಪ್ಪಿದರೆ ಮೀಟರಿನ ಅಯಸ್ಕಾಂತ ದುರ್ಬಲವಾಗಿದೆ, ಇಲ್ಲವೇ ಸ್ಪ್ರಿಂಗ್ ಬದಲಾಗಿದೆ. ಅಂಕಿ, ಮುಳ್ಳು ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಮೀಟರ್ ನಿರಪರಾಧಿ. ಹಿಂದಿನ ಮಾಲೀಕರು ಟೈರಿನ ಅಳತೆಯನ್ನೋ, ಚಕ್ರವನ್ನೋ, ಗೇರನ್ನೋ ಬೇರೆ ಗಾಡಿಯದ್ದು ಹಾಕಿದ್ದಾರೆ.

ಅದನ್ನು ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳಬಹುದು. ಮುಂದಿನ ಟೈರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗೆರೆ ಹಾಕಿ, ಯಾರಾದರೂ ಗಾಡಿಯ ಮೇಲೆ ಕೂತಿರುವಾಗಲೇ ಚಕ್ರ ಪೂರ್ತಿ ಒಂದು ಸುತ್ತು ಬರುವಂತೆ ತಳ್ಳಿ, ನೆಲದ ಮೇಲೆ ಅಳೆಯಿರಿ. 1.9 ಮೀಟರ್ ಬಂತು ಅಂದುಕೊಳ್ಳಿ. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 526 ಸುತ್ತು ತಿರುಗುತ್ತದೆ. ಮೀಟರಿನ ಮೇಲೆ 1400 ಎಂದಿದ್ದರೆ, ಚಕ್ರದ ಒಂದು ಸುತ್ತಿಗೆ ಕೇಬಲ್ 2.66 ಸುತ್ತು ಬರಬೇಕು. ಈಗ ಕೇಬಲ್ಲಿನ ಮೇಲ್ತುದಿ ಬಿಚ್ಚಿ, ಒಳತಂತಿಗೆ ಟೇಪಿನ ಸಣ್ಣ ಬಾವುಟ ಅಂಟಿಸಿ, ಚಕ್ರವನ್ನು ನಿಧಾನವಾಗಿ ಹತ್ತು ಸುತ್ತು ತಿರುಗಿಸುತ್ತಾ ಬಾವುಟದ ಸುತ್ತುಗಳನ್ನು ಎಣಿಸಿ. ಇಪ್ಪತ್ತಾರೂವರೆ ಆಸುಪಾಸು ಬಂದರೆ ಗೇರ್ ಸರಿಯಾದದ್ದೇ. ಇಪ್ಪತ್ತೆರಡೋ ಮೂವತ್ತೋ ಬಂದರೆ ಬೇರೆ ಗಾಡಿಯ ಗೇರ್ ಒಳಗಿದೆ.

ಮುಳ್ಳು ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದು ತಯಾರಕರು ಬೇಕೆಂದೇ ಇಟ್ಟ ಅಂತರ. 60ರಲ್ಲಿ ಮೂರೋ ನಾಲ್ಕೋ ಹೆಚ್ಚು ತೋರಿಸಿದರೆ ಕೈ ಹಾಕಬೇಡಿ. ಕಡಿಮೆ ತೋರಿಸುತ್ತಿದ್ದರೆ ಮಾತ್ರ ಬಿಡಬೇಡಿ, ನೀವು ಅಂದುಕೊಂಡದ್ದಕ್ಕಿಂತ ಜೋರಾಗಿ ತಿರುವಿಗೆ ಹೋಗುತ್ತಿದ್ದೀರಿ. ಟೈರ್ ಸವೆತದಿಂದ ಬರುವ ವ್ಯತ್ಯಾಸ ನೂರಕ್ಕೆ ಒಂದೆರಡು ಪಾಲು ಅಷ್ಟೇ, ದೊಡ್ಡ ತಪ್ಪಿಗೆ ಅದನ್ನು ಹೊಣೆ ಮಾಡಲಾಗದು.

ಜೋಡಿಸುವಾಗ

ಕೇಬಲ್ಲನ್ನು ಕಾರ್ಖಾನೆ ಕೊಟ್ಟ ದಾರಿಯಲ್ಲೇ, ಫೋರ್ಕಿನ ಮೇಲಿನ ಬಳೆಯೊಳಗಿಂದಲೇ ತನ್ನಿ. ಎಲ್ಲೂ 15 ಸೆಂ.ಮೀ. ತ್ರಿಜ್ಯಕ್ಕಿಂತ ಕಡಿದಾದ ಬಾಗು ಇರಬಾರದು, ಮೀಟರಿನಿಂದ ಹೊರಬಿದ್ದ ಮೊದಲ ಐದಾರು ಸೆಂ.ಮೀ. ನೆಟ್ಟಗೆ ಇಳಿಯಬೇಕು. ಕೆಳತುದಿಯನ್ನು ಮೊದಲು ಕೂರಿಸಿ. ಮೇಲ್ತುದಿಯನ್ನು ಮೀಟರಿಗೆ ಸೇರಿಸುವಾಗ ಚೌಕ ಸಿಗದೆ ಹೊದಿಕೆ ಒಂದಿಷ್ಟು ಹೊರಗೇ ನಿಂತರೆ ನಟ್ಟಿನಿಂದ ಎಳೆದು ಕೂರಿಸಬೇಡಿ. ಒಬ್ಬರು ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಲಿ, ನೀವು ಮೇಲಿನಿಂದ ಹಗುರವಾಗಿ ಒತ್ತಿರಿ. ಚೌಕಕ್ಕೆ ಚೌಕ ಸಿಕ್ಕಿದಾಗ ತಾನಾಗಿಯೇ ಒಳಗಿಳಿಯುತ್ತದೆ. ಆಮೇಲೆ ನಟ್ಟನ್ನು ಬೆರಳಲ್ಲಿ ಪೂರ್ತಿ ಬಿಗಿಸಿ, ಪ್ಲೈಯರಿನಲ್ಲಿ ಚೂರೇ ಚೂರು.

ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ, ಫೋರ್ಕನ್ನು ಒತ್ತಿ ಕುಗ್ಗಿಸಿ, ಕೇಬಲ್ ಎಲ್ಲೂ ಬಿಗಿಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಮೊದಲು ಮುಂದಿನ ಬ್ರೇಕ್ ಪರೀಕ್ಷಿಸಿ, ಆಮೇಲೆ ಮುಳ್ಳು ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಮೇಲಿನ ನಟ್ಟನ್ನು ಬಿಚ್ಚಿ ಒಳಗೆ ಇಣುಕಿ. ಮೀಟರಿನ ಕತ್ತಿನಲ್ಲಿ ಗ್ರೀಸ್ ಕಂಡರೆ ನೀವು ಹಾಕಿದ್ದು ಹೆಚ್ಚಾಗಿದೆ. ಬಟ್ಟೆಯಲ್ಲಿ ಒರೆಸಿ, ಒಳತಂತಿಯ ಮೇಲಿನ 15 ಸೆಂ.ಮೀ. ಒಣಗಿಸಿ ಮತ್ತೆ ಹಾಕಿ.